ಗಡಿಗೆಯ ಬಾಯಲ್ಲಿ ಹಲ್ಲಿನ ಹುಳ

ಹತ್ತಿರ ಬನ್ನಿ ಮಕ್ಕಳೇ, ಬಾಯಲ್ಲಿ ಬೆಲ್ಲ ಇದ್ದವರು ನುಂಗಿ ಬನ್ನಿ. ಕಡಲೆಕೊಪ್ಪ ಅಂತ ಒಂದು ರಾಜ್ಯ. ಆ ರಾಜ್ಯಕ್ಕೆ ಬೊಮ್ಮರಸ ಅಂತ ಒಬ್ಬ ರಾಜ. ಹರೆಯದವನು, ಒಳ್ಳೆಯವನು, ಚಕ್ಕುಲಿ ಅಂದರೆ ಪ್ರಾಣ. ಒಳಮನೆಯಲ್ಲಿ ಕೂತು ಅವನು ಚಕ್ಕುಲಿ ಕಡಿದರೆ ಹೆಬ್ಬಾಗಿಲ ಕಾವಲುಗಾರನಿಗೆ ಕೇಳುತ್ತಿತ್ತು. ಅಂಥ ಹಲ್ಲು ಅವನದು.

ಆ ಹಲ್ಲನ್ನು ಮೊಟ್ಟಮೊದಲು ಕಂಡವಳು ದೇವೀರಜ್ಜಿ. ತಾಯಿಯಿಲ್ಲದ ಆ ಕೂಸನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದ ದಾದಿ. ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು ಕಂಡ ದಿನ ಅರಮನೆಗೆಲ್ಲ ಸಕ್ಕರೆ ಹಂಚಿದ್ದಳು. ಹಾಲುಹಲ್ಲು ಬಿದ್ದಾಗ ಸೆಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದವಳೂ ಅವಳೇ. ಈಗ ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅದಕ್ಕೆ ಅವಳಿಗೆ ಬೇಜಾರೂ ಇರಲಿಲ್ಲ. "ನನ್ನವೆಲ್ಲ ಮಗೀಗೆ ಕೊಟ್ಬುಟ್ಟೆ" ಅಂತ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಹೀಗಿರುವಾಗ ಆ ಊರಿಗೆ ಹಲ್ಲಿನ ಪಂಡಿತನೊಬ್ಬ ಬಂದ. ಹೆಸರು ಮಾರ್ತಾಂಡಯ್ಯ. ತನಗೆ ತಾನೇ ಕೊಟ್ಟುಕೊಂಡ ಬಿರುದು ದಂತಸಾರ್ವಭೌಮ. ರೇಷ್ಮೆ ಪೇಟ, ಕಿವಿಯಲ್ಲಿ ಒಂಟಿ, ಮುಂದೆ ಕಹಳೆ ಊದಲು ಒಬ್ಬ ಆಳು. ಅವನ ವೈದ್ಯದ ರೀತಿಯೇ ಬೇರೆ. ಅಗಲವಾದ ಹಿತ್ತಾಳೆ ತಟ್ಟೆಗೆ ನೀರು ಹಾಕುವನು. ನೀರಿನ ನಡುವೆ ಒಂದು ಕಲ್ಲು, ಕಲ್ಲಿನ ಮೇಲೆ ಕೆಂಪಗೆ ಕಾದ ಕಬ್ಬಿಣದ ಬಿಲ್ಲೆ. ಅದರ ಮೇಲೆ ಚಿಟಿಕೆ ಔಷಧಿ ಉದುರಿಸಿ, ತೂತು ಕೊರೆದ ತೆಂಗಿನ ಕರಟ ಕವುಚುವನು. ತೂತಿಗೆ ಬಿದಿರಿನ ಕೊಳವೆ. ಕೊಳವೆಯ ಇನ್ನೊಂದು ತುದಿ ರೋಗಿಯ ಬಾಯಿಗೆ. ಹೊಗೆ ಮೇಲಕ್ಕೆ ಏರುತ್ತದೆ, ಹುಳ ಕೆಳಕ್ಕೆ ಇಳಿಯುತ್ತದೆ ಅನ್ನುವನು. ಕರಟ ಎತ್ತಿ ನೋಡಿದರೆ, ಅಯ್ಯಪ್ಪಾ! ನೀರಿನ ಮೇಲೆ ಬಿಳೀ ಬಿಳೀ ಹುಳಗಳು ತೇಲುತ್ತಿರುವುವು.

ಮೊದಲು ಮಂತ್ರಿ ಹೋದ. ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತೆ ಅಂದ. ತಟ್ಟೆ ತುಂಬ ಹುಳ ಬಿತ್ತು. ಪಂಡಿತ ಇಕ್ಕಳ ಹಾಕಿದ, ಮೇಲಿನ ಸಾಲು ಪೂರ್ತಿ ಹೋಯಿತು.

ಆಮೇಲೆ ಸೇನಾಪತಿ ಹೋದ. ಒಂದು ಹಲ್ಲು ಸ್ವಲ್ಪ ಸೊಟ್ಟಗಿದೆ ಅಂದ. ತಟ್ಟೆ ತುಂಬ ಹುಳ ಬಿತ್ತು. ಕೆಳಗಿನ ಸಾಲು ಪೂರ್ತಿ ಹೋಯಿತು. ಯುದ್ಧದಲ್ಲಿ ಕಣ್ಣು ಮಿಟುಕಿಸದವನು ಅವತ್ತು ಕಂಬ ತಬ್ಬಿಕೊಂಡು ಅತ್ತ.

ಆಮೇಲೆ ಪುರೋಹಿತರು ಹೋದರು. ಅವರಿಗೆ ಏನೂ ಆಗಿರಲಿಲ್ಲ, ಸೇನಾಪತಿಗೆ ಧೈರ್ಯ ಹೇಳೋಣ ಅಂತ ಹೋಗಿದ್ದವರು. ಅವರಿಗೂ ತಟ್ಟೆ ತುಂಬ ಹುಳ. ಮೇಲೂ ಹೋಯಿತು, ಕೆಳಗೂ ಹೋಯಿತು. ಅಂದಿನಿಂದ ಅವರ ಮಂತ್ರದ ನಡುವೆ ಸಿಳ್ಳೆ ಕೇಳತೊಡಗಿತು.

ಕಿತ್ತಿದ್ದಕ್ಕೂ ಪಂಡಿತನಿಗೆ ಕಾಣಿಕೆ, ಕಿತ್ತ ಜಾಗಕ್ಕೆ ಆನೆದಂತದ ಹಲ್ಲು ಕಟ್ಟಿದ್ದಕ್ಕೂ ಕಾಣಿಕೆ. ಆ ಕಟ್ಟಿದ ಹಲ್ಲು ನೋಡಲು ಚೆಂದ, ಇಡ್ಲಿ ಅಗಿಯಲೂ ಆಗದು.

ಒಂದು ದಿನ ಮಧ್ಯಾಹ್ನ ರಾಜನ ದವಡೆ ಚಳಕ್ ಅಂದಿತು. ಪಂಡಿತನಿಗೆ ಹೇಳಿ ಕಳಿಸಿದರು. ಅವನು ಪೇಟ ಸುತ್ತಿಕೊಂಡು ಬರುವಷ್ಟರಲ್ಲಿ ಅಜ್ಜಿ, "ಎಲ್ಲಿ, ಬಾಯ್ ಬುಡು ಮಗಾ" ಅಂದಳು. ಬೆಳಕಿಗೆ ಹಿಡಿದು ನೋಡಿದಳು. ಹಲ್ಲುಸಂದಿಯಲ್ಲಿ ಮಾವಿನಹಣ್ಣಿನ ನಾರು! ಬೇವಿನ ಕಡ್ಡಿಯಲ್ಲಿ ಮೆಲ್ಲಗೆ ಎಳೆದು ತೆಗೆದಳು. ನೋವು ಮಾಯ.

ಪಂಡಿತ ಬಂದ. ನೋವು ಹೋಯಿತಲ್ಲ ಅಂದರು. ಅವನು ಮುಖ ಸಪ್ಪಗೆ ಮಾಡಿದ.

"ಹೋಯಿತೇ? ಅದೇ ಅಪಾಯ ಪ್ರಭು. ನೋವಿದ್ದರೆ ಹುಳ ಎದ್ದಿದೆ ಅಂತ. ನೋವಿಲ್ಲದಿದ್ದರೆ ಹುಳ ಒಳಗೆ ಮಲಗಿ ಮರಿ ಹಾಕ್ತಿದೆ ಅಂತ."

ತಟ್ಟೆ ಇಟ್ಟ. ಹೊಗೆ ಹಾಕಿದ. ಕರಟ ಎತ್ತಿದ. ರಾಜನ ಕಣ್ಣೆದುರಿಗೇ ಹುಳ ತೇಲಿತು.

"ಮೂವತ್ತೆರಡನ್ನೂ ಕೀಳಬೇಕು ಪ್ರಭು. ನಾಳೆ ಬೆಳಿಗ್ಗೆ ಮುಹೂರ್ತ ಚೆನ್ನಾಗಿದೆ."

ಅಜ್ಜಿ ಓಡಿ ಬಂದಳು. "ಬ್ಯಾಡ ಕಣಪ್ಪ, ಕಲ್ಲಿನಂಗವೆ ನಿನ್ನ ಹಲ್ಲು" ಅಂತ ರಾಜನ ಗದ್ದ ಹಿಡಿದು ಬೇಡಿಕೊಂಡಳು.

"ಕಣ್ಣಾರೆ ನೋಡಿದೀನಿ ಅಜ್ಜಿ. ನಿನ್ನ ಮಾತು ಕೇಳಲೋ, ನನ್ನ ಕಣ್ಣು ನಂಬಲೋ?"

ಅಜ್ಜಿ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಯೋಚಿಸಿದಳು. ಆ ಪಂಡಿತ ತಟ್ಟೆ ನೋಡಿದ, ಕೊಳವೆ ನೋಡಿದ, ರಾಜನ ಕೈಯ ಉಂಗುರವನ್ನೂ ನೋಡಿದ. ಬಾಯೊಳಗೆ ಮಾತ್ರ ಒಮ್ಮೆಯೂ ಇಣುಕಲಿಲ್ಲ! ಅಜ್ಜಿಗೆ ನಗು ಬಂತು.

ಬೆಳಗಾಯಿತು. ತುಂಬಿದ ಸಭೆಯಲ್ಲಿ ಪಂಡಿತ ಇಕ್ಕಳ ಒರೆಸುತ್ತಾ ನಿಂತ. ಅಜ್ಜಿ ರಾಜನ ಬಳಿಗೆ ಹೋದಳು.

"ನಿಂದು ಕೀಳೋಕೆ ಮುಂಚೆ, ಒಳಗಿನೋರು ಮೂವರವ್ರೆ ಮಗಾ, ಅವ್ರಿಗೂ ಹುಳ ನೋಡಿಸ್ಬುಡು. ಹೊರಗಿನ ಗಂಡಸರಿಗೆ ಮುಖ ತೋರಿಸೋರಲ್ಲ, ಪರದೆ ಕಟ್ಟಿಸು."

ಕಾಣಿಕೆ ಹೆಚ್ಚಾಯಿತು ಅಂತ ಪಂಡಿತ ಒಳಗೊಳಗೇ ಹಿಗ್ಗಿದ. ಪರದೆ ಕಟ್ಟಿದರು. ಅದರ ಹಿಂದೆ, ಯಾರಿಗೂ ಕಾಣದ ಹಾಗೆ ಒಳಬಾಗಿಲಿಂದ, ಅಜ್ಜಿ ಒಬ್ಬಳೇ ಬಂದು ಕೂತಳು. ಪಕ್ಕದಲ್ಲಿ ಬುಟ್ಟಿ ಕವುಚಿದ ಒಂದು ಹ್ಯಾಟೆ ಕೋಳಿ. ಅದರ ಪಕ್ಕ ನೀರಿನ ಖಾಲಿ ಗಡಿಗೆ.

ಪಂಡಿತ ಪರದೆಯ ಸಂದಿಯಿಂದ ಕೊಳವೆ ತೂರಿಸಿದ. ಅಜ್ಜಿ ಅದನ್ನು ತನ್ನ ಬೊಚ್ಚುಬಾಯಿಗೆ ಇಟ್ಟುಕೊಂಡಳು. ಕರಟ ಎತ್ತಿದರೆ ತಟ್ಟೆ ತುಂಬ ಹುಳ.

"ಅಬ್ಬಬ್ಬಾ! ಈ ತಾಯಿಯ ನಾಲ್ಕು ದವಡೆಹಲ್ಲು ಇವತ್ತೇ ಕೀಳಬೇಕು!"

ಎರಡನೆಯ ಸಲ ಅಜ್ಜಿ ಕೊಳವೆಯನ್ನು ಬುಟ್ಟಿಯ ಸಂದಿಗೆ ಹಿಡಿದಳು. ಹೊಗೆ ತಾಗಿದ್ದೇ ಕೋಳಿ "ಕೊಕ್ ಕೊಕ್" ಅಂದಿತು.

"ಪಾಪ, ನೋವಿಗೆ ಬಿಕ್ಕುತ್ತಿದ್ದಾರೆ" ಅಂದ ಪಂಡಿತ. ಕರಟ ಎತ್ತಿದರೆ ತಟ್ಟೆ ತುಂಬ ಹುಳ. "ಈ ತಾಯಿಗೆ ಮುಂದಿನ ಹಲ್ಲೆಲ್ಲ ಟೊಳ್ಳಾಗಿದೆ!"

ಮೂರನೆಯ ಸಲ ಕೊಳವೆ ಗಡಿಗೆಯ ಬಾಯಿಗೆ ಹೋಯಿತು. ಕರಟ ಎತ್ತಿದರೆ ಹಿಂದೆಂದೂ ಕಾಣದಷ್ಟು ಹುಳ.

"ಶಿವಶಿವಾ! ಈ ತಾಯಿಗೆ ಒಂದು ಹಲ್ಲನ್ನೂ ಉಳಿಸುವ ಹಾಗಿಲ್ಲ!"

ಆಗ ಅಜ್ಜಿ ಪರದೆ ಸರ್ರನೆ ಎಳೆದಳು. ಬುಟ್ಟಿ ಎತ್ತಿದಳು. ಕೋಳಿ ರೆಕ್ಕೆ ಬಡಿಯುತ್ತಾ ಪಂಡಿತನ ಪೇಟದ ಮೇಲೆ ಹಾರಿ ಕೂತಿತು. ಅಜ್ಜಿ ಗಡಿಗೆಯನ್ನು ಅವನ ಮುಂದೆ ಉರುಳಿಸಿ, "ಕೀಳಪ್ಪಾ, ಇದರ ಹಲ್ಲು ಎಲ್ಲವೆ ಅಂತ ನೀನೇ ತೋರ್ಸು. ನನ್ನ ನಾಲ್ಕು ದವಡೆಹಲ್ಲೂ ಹುಡುಕ್ಕೊಡು, ಕಳೆದೋಗಿ ಕಾಲ ಆಯ್ತು" ಅಂದಳು.

ಸಭೆಗೆ ಸಭೆಯೇ ಗೊಳ್ಳೆಂದಿತು. ರಾಜ ನಗಲಿಲ್ಲ. ಮಾರ್ತಾಂಡಯ್ಯನನ್ನೇ ನೋಡಿದ.

"ಪಂಡಿತರೇ, ಈಗ ಕೊಳವೆ ನಿಮ್ಮ ಬಾಯಿಗೆ ಇಡಿ."

ಸೇನಾಪತಿ ಅವನನ್ನು ಹಿಡಿದು ಕೂರಿಸಿದ. ಮಂತ್ರಿ ಔಷಧಿ ಉದುರಿಸಿ ಕರಟ ಕವುಚಿದ. ಎತ್ತಿದರೆ ತಟ್ಟೆ ತುಂಬ ಹುಳ. ಪುರೋಹಿತರು ಸಿಳ್ಳೆಯ ಜೊತೆಗೇ, "ಮುಹೂರ್ತ ಇನ್ನೂ ಮೀರಿಲ್ಲ" ಅಂದರು. ಮಂತ್ರಿ ಇಕ್ಕಳ ಕೈಗೆತ್ತಿಕೊಂಡ.

ಮಾರ್ತಾಂಡಯ್ಯ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನೆಲಕ್ಕೆ ಬಿದ್ದ. ಬೆರಳ ಸಂದಿಯಿಂದ ಕೂಗಿಕೊಂಡ. "ಹುಳ ಅಲ್ಲ ಪ್ರಭು, ಹುಳ ಅಲ್ಲ! ನೆಲಗುಳ್ಳದ ಬೀಜ ಅದು! ಕಾದ ಬಿಲ್ಲೆ ಮೇಲೆ ಸಿಡಿದು, ಒಳಗಿನ ಬಿಳೀ ತಿರುಳು ನೀರಿಗೆ ಬೀಳುತ್ತೆ ಅಷ್ಟೆ! ನನ್ನ ಹಲ್ಲು ಗಟ್ಟಿಯಾಗಿವೆ!"

"ನಮ್ಮವೂ ಗಟ್ಟಿಯಾಗಿದ್ದವಲ್ಲಯ್ಯ" ಅಂದ ಮಂತ್ರಿ. ಅವನ ಕಣ್ಣಲ್ಲಿ ನೀರಿತ್ತು.

ರಾಜ ಸಿಟ್ಟಿನಿಂದ ಎದ್ದು ನಿಂತ. "ಇವನವೂ ಎಲ್ಲ ಕಿತ್ತುಬಿಡಿ!"

ಅಜ್ಜಿ ಅವನ ಕೈ ಹಿಡಿದಳು. "ಇವನದು ಕಿತ್ರೆ ಮಂತ್ರಿಗಳಿಗೆ ಹುಟ್ಟುತ್ತಾ ಮಗಾ? ಹಲ್ಲು ಇರ್ಲಿ. ಕೈಗೆ ಕೆಲಸ ಕೊಡು."

ಕೊಟ್ಟರು. ಕಾಣಿಕೆಯೆಲ್ಲ ಕೊಟ್ಟವರ ಮನೆಗೆ ವಾಪಸ್ಸು ಹೋಯಿತು. ದಂತಸಾರ್ವಭೌಮನ ಕೈಗೆ ಒಂದು ಕುಟ್ಟಾಣಿ ಬಂತು. ಊಟದ ಹೊತ್ತು ಮುಗಿದರೆ ಸಾಕು, ಹಲ್ಲು ಕಿತ್ತ ಮನೆಮನೆಗೂ ಹೋಗಿ ಅವರ ಎಲೆ ಅಡಿಕೆ ಕುಟ್ಟಿಕೊಡಬೇಕು. ಈಗ ಅವನಿಗೆ ಕಹಳೆಯಿಲ್ಲ, ಪೇಟವಿಲ್ಲ. ಸೇನಾಪತಿ ಬಾಯಿಗೆ ಹಾಕಿಕೊಂಡು ನೋಡಿ, "ಇನ್ನೂ ಗಟ್ಟಿ ಇದೆ, ಕುಟ್ಟು" ಅನ್ನುವನು. ಪಂಡಿತ ಮತ್ತೆ ಕುಟ್ಟುವನು. ಕೊನೆಗೆ ನುಣ್ಣಗಾಯಿತೇ ಅಂತ ನೋಡಲು ಅವನೇ ಒಬ್ಬೊಬ್ಬರ ಬಾಯೊಳಗೂ ಇಣುಕಬೇಕಾಯಿತು. ತಾನು ಮಾಡಿದ ಹಾಳು ಅವನಿಗೆ ಆಗಲೇ ಮೊದಲ ಬಾರಿಗೆ ಕಂಡಿದ್ದು. ಒಂದು ದಿನ ಪುರೋಹಿತರ ಬಾಯಿ ನೋಡಿ ಅವನೂ ಅತ್ತನಂತೆ.

ನೋಡಿ ಮಕ್ಕಳೇ, ನೋವಾದವನು ವೈದ್ಯನ ಮುಂದೆ ಬಾಯಿ ತೆರೆಯುವುದು ಅವನನ್ನು ನಂಬಿ. ನಂಬಿ ಬಂದವರಿಗೆ ಇಲ್ಲದ ರೋಗ ಹೇಳಿ ದುಡ್ಡು ಮಾಡಬಾರದು. ನೀವೂ ಅಷ್ಟೇ. ಹಲ್ಲು ನೋವಾದರೆ ಒಳ್ಳೆಯ ವೈದ್ಯರ ಹತ್ತಿರ ಹೋಗಿ. ಆದರೆ ಯಾರಾದರೂ ತಟ್ಟೆಯಲ್ಲಿ ಹುಳ ತೋರಿಸಿ ಹೆದರಿಸಿದರೆ, ಮೊದಲು ನನ್ನ ಬಾಯಿ ನೋಡಿ ಸ್ವಾಮೀ ಅನ್ನಿ.