ಸೋದರಮಾವನ ತೊಡೆ

ಒಂದು ಜಗಲಿ. ಜಗಲಿಯ ಮೇಲೆ ಹಣ್ಣುಹಣ್ಣು ಮುದುಕನೊಬ್ಬ ಕೂತಿದ್ದಾನೆ. ಮುದುಕನ ತೊಡೆಯ ಮೇಲೆ ಕುರುಚಲು ಮೀಸೆಯ ಭೂಪನೊಬ್ಬ ಕೂತಿದ್ದಾನೆ. ಭೂಪನ ತೊಡೆಯ ಮೇಲೆ ಒಂದು ಕೂಸು ಕೂತಿದೆ. ಮುದುಕ ನರಳುತ್ತಿದ್ದಾನೆ, ಭೂಪ ಹಲ್ಲು ಕಿರಿಯುತ್ತಿದ್ದಾನೆ, ಕೂಸು ಕೇಕೆ ಹಾಕುತ್ತಿದೆ. ಏನಾಗಿರಬಹುದು, ಹೇಳಿ ನೋಡೋಣ? ಜಗಳವೇ? ಜಾಗ ಸಾಲದೆಯೇ? ಉಹೂಂ, ಹೊಳೆಯೋದಿಲ್ಲ ಬಿಡಿ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ನನಗೇ ಹೊಳೆದಿರಲಿಲ್ಲ. ಮೊದಲಿಂದ ಕೇಳಿ. ಎಲೆಅಡಿಕೆ ಹಾಕಿಕೊಳ್ಳುವವರು ಈಗಲೇ ಹಾಕಿಕೊಳ್ಳಿ, ನಡುವೆ ನಿಲ್ಲಿಸೋದಿಲ್ಲ.

ಚೌಡಮ್ಮ ಅಂತ ಒಬ್ಬಳು. ಅವಳಿಗೆ ಮುದ್ದಯ್ಯ ಅಂತ ಒಬ್ಬ ಮಗ. ಹೇಳಿದ್ದು ಬಿಟ್ಟು ಬೇರೆ ಮಾಡುವವನೇ ಅಲ್ಲ, ಅದೇ ಅವನ ಕಷ್ಟ. ಒಲೆ ಮೇಲಿನ ಹಾಲು ನೋಡ್ತಿರು ಅಂದರೆ, ಹಾಲು ಉಕ್ಕಿ, ಒಲೆ ಆರಿ, ಬೂದಿ ತಣ್ಣಗಾಗುವವರೆಗೂ ನೋಡುತ್ತಲೇ ಇರುವವನು. ಅವನಿಗೆ ಹೆಣ್ಣು ಕೊಡುವವರಿಲ್ಲ, ಕೂಲಿಗೆ ಕರೆಯುವವರಿಲ್ಲ. ಚೌಡಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ಇಡೋ ಜಾಗವೇ ಸವೆದುಹೋಗಿತ್ತು.

ಹೀಗಿರುವಾಗ ಅವನ ಅಕ್ಕ ನಿಂಗಿ ಬಾಣಂತನಕ್ಕೆ ತವರಿಗೆ ಬಂದಳು, ಗಂಡು ಕೂಸು ಹೆತ್ತಳು. ಮುದ್ದಯ್ಯ ಸೋದರಮಾವನಾದ! ಚೌಡಮ್ಮನಿಗೆ ಹೋದ ಜೀವ ಬಂತು. ಯಾಕೆ ಅಂದರೆ, ಕೂಸಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೇ ಕೂರಿಸಬೇಕು, ಅದು ಪದ್ಧತಿ. ಅವತ್ತು ಮಣೆ ಅವನಿಗೆ, ಹೊಸ ಪಂಚೆ ಅವನಿಗೆ, ಮೊದಲ ತಾಂಬೂಲ ಅವನಿಗೆ. ನನ್ನ ಮಗನಿಗೆ ಈ ಜನ್ಮದಲ್ಲಿ ಊರೆದುರು ಮರ್ಯಾದೆ ಅಂತ ಸಿಕ್ಕರೆ ಅದೊಂದೇ ಅಂತ ಅವಳು ಆ ದಿನಕ್ಕೇ ಕಾಯುತ್ತಿದ್ದಳು.

ಒಂದು ಬೆಳಿಗ್ಗೆ ನಿಂಗಿ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಳು. ಚೌಡಮ್ಮ ನೀರಿಗೆ ಹೊರಟಳು. “ಮುದ್ದ, ಕೂಸು ಅತ್ತರೆ ತೊಟ್ಟಿಲು ತೂಗು.”

“ಆಗಲಿ ಕಣವ್ವ.”

ಕೂಸು ಮಲಗಿದ್ದದ್ದು ಚಾಪೆಯ ಮೇಲೆ. ಕೂಸು ಅತ್ತಿತು. ಮುದ್ದಯ್ಯ ತೊಟ್ಟಿಲು ತೂಗಿದ. ಕೂಸು ಜೋರಾಗಿ ಅತ್ತಿತು. ಮುದ್ದಯ್ಯ ಜೋರಾಗಿ ತೂಗಿದ. ಚೌಡಮ್ಮ ಬಂದು ನೋಡುತ್ತಾಳೆ, ಕೂಸು ಚಾಪೆಯ ಮೇಲೆ ಕೆಂಪಗಾಗಿದೆ, ಖಾಲಿ ತೊಟ್ಟಿಲು ತೊಲೆಗೆ ಬಡಿಯುತ್ತಿದೆ.

“ಅಯ್ಯೋ ಮುಠ್ಠಾಳ! ಖಾಲಿ ತೊಟ್ಟಿಲು ತೂಗಬಾರದು ಕಣ್ಲಾ, ಕೇಡು.”

“ತೊಟ್ಟಿಲು ತೂಗು ಅಂದ್ಯಲ್ಲವ್ವ. ತೂಗೀ ತೂಗೀ ರಟ್ಟೆ ಬಿದ್ದೋಯ್ತು.”

“ಅಳು ಅಂತ ಕಿವಿಗೆ ಬಿತ್ತೋ, ಮೊದಲು ಎತ್ಕೋಬೇಕು. ಎತ್ಕೊಂಡು ಬೀದಿಗೆ ಹೋಗಬೇಕು. ಕಾಗೆ ತೋರಿಸಿ ಕಾ ಕಾ ಅನ್ನಬೇಕು. ಗೊತ್ತಾಯ್ತೇನ್ಲಾ?”

“ಗೊತ್ತಾಯ್ತು ಕಣವ್ವ. ಎತ್ಕೋಬೇಕು, ಬೀದಿಗೆ ಹೋಗಬೇಕು, ಕಾ ಕಾ.”

ಮಧ್ಯಾಹ್ನಕ್ಕೆ ನಿಂಗಿಯ ಅತ್ತೆ ಬಂದಿಳಿದಳು. ಹೊನ್ನೂರಮ್ಮ ಅಂತ ಅವಳ ಹೆಸರು. ರಾಗಿ ಮೂಟೆಯಂಥ ಆಳು, ಕಡಗದ ಕೈ, ದೊಡ್ಡ ಗಂಟಲು. ಕಿವಿ ಚುಚ್ಚೋ ದಿನ ಗೊತ್ತುಮಾಡೋಕೆ ಅಂತಲೇ ಬಂದವಳು. ಬಂದವಳೇ ಮೊಮ್ಮಗನ ಮುಖ ನೋಡಿದಳು. “ನಮ್ಮೆಜಮಾನರ ಮೂಗೇ ಕಣೇ ನಿಂಗಿ! ಅವರಿದ್ದಿದ್ದರೆ…” ಅಂತ ಸೆರಗು ಬಾಯಿಗಿಟ್ಟು ಬಿಕ್ಕಿದಳು.

ಅಳು ಮುದ್ದಯ್ಯನ ಕಿವಿಗೆ ಬಿತ್ತು.

ಒಳಗಿಂದ ಓಡಿ ಬಂದ. ಹೊನ್ನೂರಮ್ಮನನ್ನ ಎರಡು ಕೈಯಲ್ಲೂ ಬಾಚಿ ಎತ್ತಿಕೊಂಡ! ಹೊಸಿಲು ದಾಟಿದ, ಜಗಲಿ ಇಳಿದ, ನಡುಬೀದಿಗೆ ಹೋಗಿ ನಿಂತ. “ಅಗೋ ನೋಡತ್ತೆ, ಬೇಲಿ ಮೇಲೆ. ಕಾ ಕಾ. ಅಳಬಾರದು, ಜಾಣೆ ಅಲ್ವಾ?”

“ಇಳಿಸೋ! ಲೋ, ಇಳಿಸೋ ನನ್ನ!”

“ಕಾಗೆ ನೋಡಲಿಲ್ಲ ನೀನು. ನೋಡು, ಇಳಿಸ್ತೀನಿ.”

ಬೀದಿಯವರೆಲ್ಲ ಬಾಗಿಲಿಗೆ ಬಂದರು. ಪಾಪ, ಹೊನ್ನೂರಮ್ಮ ಬೇರೆ ದಾರಿಯಿಲ್ಲದೆ ಕಾಗೆ ನೋಡಿದಳು. ಆಮೇಲೇ ಅವನು ಇಳಿಸಿದ್ದು.

ಇಳಿದವಳು ಸೆರಗು ಕೊಡವಿಕೊಂಡು ಹೇಳಿದಳು, “ಬೀಗಿತ್ತಿ, ಕಿವಿ ಚುಚ್ಚೋದು ನಾಳೆಯೇ. ಆದರೆ ನಮ್ಮ ಕೂಸು ಇವನ ತೊಡೆ ಮೇಲೆ ಕೂರೋದಿಲ್ಲ. ದೂರದ ಸಂಬಂಧದ ಮಾವ ಯಾರನ್ನಾದರೂ ಹಿಡಕೊಂಡು ಬರ್ತೀವಿ.”

ಚೌಡಮ್ಮ ಅವಳ ಕೈ ಹಿಡಕೊಂಡಳು. “ಹಂಗನ್ನಬೇಡಿ ಬೀಗಿತ್ತಿ. ಅವನಿಗಿರೋದು ಅದೊಂದು ಮಣೆ. ಕೂಸು ಅಂದ್ರೆ ಪ್ರಾಣ ಅವನಿಗೆ, ನಗಿಸ್ತಾನೆ ಬೇಕಾದರೆ ನೋಡಿ.”

“ನಗಿಸಲಿ. ದೀಪ ಹಚ್ಚೋ ಹೊತ್ತಿಗೆ ನನ್ನ ಕಣ್ಣೆದುರಿಗೆ ಕೂಸು ನಕ್ಕರೆ ಇವನೇ ಕೂರಲಿ. ಇಲ್ಲದಿದ್ದರೆ ಇಲ್ಲ.”

ಚೌಡಮ್ಮ ಮಗನನ್ನ ಹಿತ್ತಲಿಗೆ ಎಳಕೊಂಡು ಹೋದಳು. “ದೊಡ್ಡೋರನ್ನ ಎತ್ತಬಾರದು ಕಣ್ಲಾ!”

“ಅಳೋರನ್ನ ಎತ್ಕೋ ಅಂದ್ಯಲ್ಲ. ಸೊಂಟ ಹಿಡಕೊಂಡದೆ ಕಣವ್ವ.”

“ಕೇಳು ಇಲ್ಲಿ. ಕೂಸಿನ ಮೇಲೆ ಒಂದು ತೆಳ್ಳನೆ ಬಟ್ಟೆ ಮುಚ್ಚು. ಕೂಸೆಲ್ಲಿ, ಕೂಸೆಲ್ಲಿ ಅಂತ ಕೇಳು. ಸ್ವಲ್ಪ ಹುಡುಕಿದಂಗೆ ಮಾಡು. ಆಮೇಲೆ ಬಟ್ಟೆ ತೆಗೆದು ಇಲ್ಲೈತೆ ಅನ್ನು. ನಗ್ತದೆ.”

“ಯಾರನ್ನ ಕೇಳಲವ್ವ?”

“ಯಾರನ್ನಾದರೂ ಕೇಳು, ಹೋಗು!” ಅಂದವಳೇ ಚೌಡಮ್ಮ ಬೀಗಿತ್ತಿಯ ಸಾರಿಗೆ ಸೊಪ್ಪು ತರಲು ಊರಾಚೆ ಹೊಲಕ್ಕೆ ಹೋದಳು.

ಮುದ್ದಯ್ಯ ತೊಟ್ಟಿಲಿಗೆ ತೆಳ್ಳನೆ ಸೀರೆ ಮುಚ್ಚಿದ. ಕೂಸು ಒಳಗೆ ತಣ್ಣಗೆ ಕಾಲು ಆಡಿಸುತ್ತಾ ಮಲಗಿತು. ಇವನು ಬೀದಿಗೆ ಬಂದ. ಮೊದಲ ಮನೆಯ ಬಾಗಿಲು ಬಡಿದ. “ನಮ್ಮ ಕೂಸೆಲ್ಲಿ?” ಎರಡನೇ ಮನೆ. “ಕೂಸೆಲ್ಲಿ? ನಮ್ಮ ಕೂಸು ಕಂಡ್ರಾ?” ಗಿರಣಿಗೆ ಹೋದ, ಅರಳೀಕಟ್ಟೆಗೆ ಹೋದ. “ಕೂಸೆಲ್ಲಿ, ಕೂಸೆಲ್ಲಿ?”

ಊರು ಎದ್ದಿತು! ಚೌಡಮ್ಮನ ಮನೆ ಕೂಸು ಕಾಣೆಯಾಯಿತಂತೆ! ಗಿರಣಿ ನಿಂತಿತು, ಅರ್ಧ ಕ್ಷೌರದ ಗಲ್ಲ ಹೊತ್ತು ಒಬ್ಬ ಓಡಿಬಂದ, ಹೆಂಗಸರು ಹುಲ್ಲಿನ ಮೆದೆ ಕೆದಕಿದರು. ಯಾರೋ ಬಾವಿಗೆ ಪಾತಾಳಗರಡಿ ಇಳಿಬಿಟ್ಟರು. ಅದರ ಕೊಕ್ಕೆಗೆ ಹಿಂದೆಂದೋ ಬಿದ್ದಿದ್ದ ಎರಡು ಬಿಂದಿಗೆ ಸಿಕ್ಕವು, ಕೂಸು ಸಿಗಲಿಲ್ಲ. ಹುಡುಕುವವರ ಮುಂದುಗಡೆ ಯಾರು? ಮುದ್ದಯ್ಯನೇ. “ಕೂಸೆಲ್ಲಿ, ಕೂಸೆಲ್ಲಿ?”

ಸುದ್ದಿ ಕೇಳಿ ಹೊನ್ನೂರಮ್ಮ ನಡುಮನೆಯಲ್ಲಿ ಕುಸಿದು ಕೂತಳು. ನಿಂಗಿ ಎದೆ ಬಡಿದುಕೊಂಡಳು. ತೊಟ್ಟಿಲಿಗೆ ಮುಚ್ಚಿದ ಸೀರೆ ಎತ್ತಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ ನೋಡಿ! ಊರಿಗೆ ಊರೇ ಅಂಗಳ ದಾಟಿ ನಡುಮನೆಗೆ ನುಗ್ಗಿದ ಮೇಲೆ ಮುದ್ದಯ್ಯ, ಸ್ವಲ್ಪ ಹುಡುಕಿದ್ದು ಸಾಕು ಅಂದುಕೊಂಡು, ತೊಟ್ಟಿಲ ಹತ್ತಿರ ಹೋಗಿ ಸೀರೆ ತೆಗೆದ. “ಇಲ್ಲೈತೆ!”

ಕೂಸು ಅಷ್ಟು ಮುಖಗಳನ್ನ ಒಟ್ಟಿಗೇ ಕಂಡು ಕಿಲಕಿಲ ನಕ್ಕುಬಿಟ್ಟಿತು.

ಮುದ್ದಯ್ಯ ಹೊನ್ನೂರಮ್ಮನ ಕಡೆ ತಿರುಗಿ ಕೇಳಿದ, “ನಕ್ತಲ್ಲ ಅತ್ತೆ? ಇನ್ನೂ ದೀಪ ಹಚ್ಚಿಲ್ಲ.”

ಹೊನ್ನೂರಮ್ಮ ಹಲ್ಲು ಕಡಿದಳು. ಆದರೆ ಆಡಿದ ಮಾತು ತಪ್ಪುವ ಹೆಂಗಸಲ್ಲ. “ಕೂರಲಿ,” ಅಂದಳು. “ನಾಳೆ ಕೂಸು ಒಂದು ಗಳಿಗೆಗಿಂತ ಹೆಚ್ಚು ಅತ್ತರೆ ಮಣೆಯಿಂದ ಎಬ್ಬಿಸ್ತೀನಿ.”

ರಾತ್ರಿ ಚೌಡಮ್ಮ ಮಗನ ಗದ್ದ ಹಿಡಿದಳು. “ಮುದ್ದ, ನನ್ನಪ್ಪ, ನಾಳೆ ನಿನ್ನ ಬುದ್ಧಿ ಖರ್ಚುಮಾಡಬೇಡ. ಕೂಸು ಏನು ಮಾಡ್ತದೋ ಅದನ್ನೇ ನೀನೂ ಮಾಡು. ಅದು ಆ ಅಂದರೆ ಆ ಅನ್ನು, ಊ ಅಂದರೆ ಊ ಅನ್ನು. ಕೂಸುಗಳಿಗೆ ಅದು ಖುಷಿ. ಬೇರೆ ಏನೂ ಬೇಡ.”

“ಕೂಸು ಮಾಡಿದ್ದೆಲ್ಲಾ ಮಾಡಬೇಕು. ಆಗಲಿ ಕಣವ್ವ.”

ಬೆಳಗಾಯಿತು. ಜಗಲಿಗೆ ಮಣೆ ಹಾಕಿದರು. ಹೊಸ ಪಂಚೆ ಉಟ್ಟು ಮುದ್ದಯ್ಯ ಕೂತ, ತೊಡೆಯ ಮೇಲೆ ಕೂಸು. ಅಕ್ಕಸಾಲಿ ವೀರಾಚಾರಿ ಚಿನ್ನದ ತಂತಿ ಹಿಡಿದು ಬಲಗಿವಿಗೆ ಚುಚ್ಚಿದ. ಕೂಸು ಕಿಟಾರನೆ ಕಿರುಚಿತು. ಮುದ್ದಯ್ಯ ಅದಕ್ಕಿಂತ ಜೋರಾಗಿ ಕಿರುಚಿದ! ಆಚಾರಿಯ ಕೈಯಿಂದ ಇಕ್ಕಳ ಬಿತ್ತು. ಕೂಸು ತಟ್ಟನೆ ಅಳು ನಿಲ್ಲಿಸಿ ಮಾವನ ಬಾಯಿಯನ್ನೇ ಬೆರಗಾಗಿ ನೋಡಿತು. ನೋಡುತ್ತಿರುವಾಗಲೇ ಎಡಗಿವಿಯೂ ಮುಗಿಯಿತು. ಕೂಸು ಮೂಗು ಸುಕ್ಕಿಸಿತು, ಮಾವ ಮೂಗು ಸುಕ್ಕಿಸಿದ. ಕೂಸು ನಕ್ಕಿತು!

ಹೊನ್ನೂರಮ್ಮನ ಮುಖ ಮೊದಲ ಸಲ ಅರಳಿತು. “ಪರವಾಗಿಲ್ಲ ಬೀಗಿತ್ತಿ ನಿಮ್ಮ ಮಗ.” ಚೌಡಮ್ಮನ ಕಣ್ಣು ತುಂಬಿತು. ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

“ಆಚಾರಪ್ಪ, ಈಗ ನಂಗೆ,” ಅಂತ ಮುದ್ದಯ್ಯ ಕಿವಿ ಮುಂದೊಡ್ಡಿದ. “ಕೂಸು ಮಾಡಿದ್ದೆಲ್ಲಾ ಮಾಡಬೇಕು.”

“ಚಿನ್ನ ಇಲ್ಲ ಕಣಪ್ಪ.”

“ಬೇವಿನ ಕಡ್ಡಿ ಹಾಕು. ಅಲ್ಲ, ತಡಿ. ಕೂಸು ಸೋದರಮಾವನ ತೊಡೆ ಮೇಲೆ ಕೂತಿತ್ತು. ನನ್ನ ಸೋದರಮಾವ ಎಲ್ಲಿ?”

ಚೌಡಮ್ಮನ ಅಣ್ಣ ತಿಬ್ಬಯ್ಯ ಕಂಬಕ್ಕೆ ಒರಗಿ ಎಲೆಅಡಿಕೆ ಕುಟ್ಟುತ್ತಿದ್ದ. ಹಣ್ಣುಹಣ್ಣು ಮುದುಕ, ಹಂಚಿಕಡ್ಡಿ ಮೈ. ಮಾತು ಕಿವಿಗೆ ಬಿದ್ದದ್ದೇ ಕುಟ್ಟಾಣಿ ಬಿಟ್ಟು ಓಡಲು ನೋಡಿದ. ಹುಡುಗರು ಬಿಟ್ಟಾರೆಯೇ? ಹಿಡಿದು ಮಣೆಗೆ ಕೂರಿಸಿದರು. ಅವನ ಮೇಲೆ ಮುದ್ದಯ್ಯ ಕೂತ, ಮುದ್ದಯ್ಯನ ಮೇಲೆ ಕೂಸು.

“ಚೌಡಿ, ನನ್ನ ಮಂಡಿ!” ಅಂದ ತಿಬ್ಬಯ್ಯ.

“ಒಂದು ಗಳಿಗೆ ತಡಕೋಣ್ಣ, ಪದ್ಧತಿ.”

ಆಚಾರಿ ಮುದ್ದಯ್ಯನ ಎರಡೂ ಕಿವಿಗೆ ಬೇವಿನ ಕಡ್ಡಿ ಹಾಕಿದ. ಹೊನ್ನೂರಮ್ಮ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಂದದ್ದೇ ತಡ, ಹೆದರಿ ಕಂಬದ ಮರೆಗೆ ಸರಿದು ಒರೆಸಿಕೊಂಡಳು. ಮತ್ತೆ ಯಾರು ನೋಡುತ್ತಾರೆ ಕಾಗೆಯನ್ನ? ಮರೆಯಿಂದಲೇ ಕೂಗಿದಳು, “ಬೀಗಿತ್ತಿ, ನಿಂಗಿಗೆ ಇನ್ನೆಷ್ಟು ಕೂಸಾದರೂ ಆಗಲಿ, ಇವನದೇ ತೊಡೆ!”

ಅಷ್ಟರಲ್ಲಿ ಕೂಸು ಸುಮ್ಮನಾಯಿತು. ಎಲ್ಲೋ ನೋಡುತ್ತಾ ಒಂದು ಸಲ ಮೈ ಜುಮ್ಮೆನಿಸಿತು. ಮುದ್ದಯ್ಯನ ಹೊಸ ಪಂಚೆ ಬೆಚ್ಚಗೆ ಒದ್ದೆಯಾಯಿತು.

ಮುದ್ದಯ್ಯ ಪಂಚೆ ನೋಡಿದ. ಅವ್ವನ ಮುಖ ನೋಡಿದ. ನಿಧಾನವಾಗಿ ತಿರುಗಿ ಕೆಳಗಿದ್ದ ಮಾವನನ್ನ ನೋಡಿದ.

ಮೊದಲು ಅರ್ಥವಾದದ್ದು ತಿಬ್ಬಯ್ಯನಿಗೆ. “ಚೌಡೀ, ಬೇಡ ಅನ್ನೇ ನಿನ್ನ ಮಗಂಗೆ! ಬೇಗ ಅನ್ನೇ!”

ಚೌಡಮ್ಮ ಬಾಯಿ ತೆರೆದಳು. ಆದರೆ ಮುದ್ದಯ್ಯನೂ ಅಷ್ಟು ಹೊತ್ತಿಗೆ, ಎಲ್ಲೋ ನೋಡುತ್ತಾ, ಒಂದು ಸಲ ಮೈ ಜುಮ್ಮೆನಿಸಿಬಿಟ್ಟಿದ್ದ.

ವಾರಕ್ಕೊಂದೇ ಸ್ನಾನ ಅನ್ನುತ್ತಿದ್ದ ತಿಬ್ಬಯ್ಯ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಿಂದ ಆ ದಿನ, ಮಾಘ ಶುದ್ಧ ದಶಮಿ, ಬುಧವಾರ.