ಬೋನಸ್ ಗೆರೆ

"ಅಜ್ಜಾರೇ, ಒಬ್ಬ ಯಾರಿಗೂ ಕೇಡು ಬಗೆಯುವುದಿಲ್ಲ. ಕಟ್ಟಳೆ ಮೀರುವುದಿಲ್ಲ. ತನ್ನ ಪಾಡಿಗೆ ತಾನು ಬೆವರು ಸುರಿಸಿ ಮೇಲೆ ಬರುತ್ತಾನೆ. ಅಂಥವನಿಗೂ ಪಾಪ ತಟ್ಟುತ್ತದೆಯೇ?"

ಮಠದ ಪಡಸಾಲೆಯಲ್ಲಿ ಹೀಗೆ ಕೇಳಿದವನು ಅಡಿವೆಯ್ಯ ಎಂಬ ಶಿಷ್ಯ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಗುರುಗಳನ್ನು ಆ ಕಡೆ ಎಲ್ಲರೂ ಅಜ್ಜನವರು ಎಂದೇ ಕರೆಯುತ್ತಿದ್ದರು. ಅವರು ಶಿಷ್ಯನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಎಲಾ ಇವನ! ಉತ್ತರ ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತೀಯಲ್ಲೋ. ಇರಲಿ, ಕಬಡ್ಡಿ ಗೊತ್ತೇನು ನಿನಗೆ?"

"ನೋಡಿದ್ದೇನೆ ಅಜ್ಜಾರೇ, ಆಡಿಲ್ಲ."

"ಹೌದು ಬಿಡು, ಮೈಗೆ ಮಣ್ಣು ಹತ್ತಬಾರದು ನಿನಗೆ. ಕೂತುಕೋ," ಎಂದು ಅಜ್ಜನವರು ಕತೆ ಶುರುಮಾಡಿದರು.

ಒಂದು ಕಾಲೇಜಿನಲ್ಲಿ ಒಬ್ಬ ಆಟಗಾರನಿದ್ದ. ಆಳು ಎತ್ತರ, ತೋಳು ಉದ್ದ. ಕಬಡ್ಡಿಯಲ್ಲಿ ಕೆಲವರು ರೈಡಿಗೆ ಹೋಗುವವರು, ಅಂದರೆ ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವರು. ಕೆಲವರು ತಮ್ಮ ಅಂಗಳದಲ್ಲಿ ನಿಂತು, ನುಗ್ಗಿ ಬಂದವನನ್ನು ಹಿಡಿಯುವವರು. ಇವನು ಎರಡಕ್ಕೂ ಸೈ. ಹಿಡಿದರೆ ಉಡದ ಪಟ್ಟು, ನುಗ್ಗಿದರೆ ಕೈಗೆ ಸಿಗದ ಮೀನು. ಅಂಥ ಹುಡುಗ ಆ ಕಾಲೇಜಿಗೆ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಅವನಿಗೊಬ್ಬ ಗೆಳೆಯ. ಕುಳ್ಳು, ಗಟ್ಟಿ ಆಳು. ಹಿಡಿಯುವವರು ಜೋಡಿ ಜೋಡಿಯಾಗಿ ಕೈ ಹಿಡಿದು ನಿಲ್ಲುತ್ತಾರಲ್ಲ, ಹಾಗೆ ಮೂಲೆಯಲ್ಲಿ ಗೆಳೆಯ, ಪಕ್ಕದಲ್ಲಿ ಇವನು. ಎದುರಾಳಿ ಬಂದರೆ ಮೊದಲು ಅವನ ಕಾಲಿಗೆ ಬೀಳುವವನು ಗೆಳೆಯ. ಎದೆಗೆ, ಮುಖಕ್ಕೆ ಒದೆ ತಿನ್ನುವವನೂ ಅವನೇ. ಆಮೇಲೆ ಎತ್ತರದವನು ಸೊಂಟಕ್ಕೆ ಕೈ ಹಾಕಿ ಕೆಡವುತ್ತಿದ್ದ. ಜನ ಕೆಡವಿದವನನ್ನು ನೋಡುತ್ತಾರೆ, ಬಿದ್ದವನನ್ನು ಯಾರು ನೋಡುತ್ತಾರೆ? ಚಪ್ಪಾಳೆಯೆಲ್ಲ ಎತ್ತರದವನಿಗೆ. ಗೆಳೆಯನಿಗೆ ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ತುಟಿಯ ರಕ್ತ ಒರೆಸಿಕೊಂಡು ತಾನೂ ಚಪ್ಪಾಳೆ ತಟ್ಟುತ್ತಿದ್ದ, ಪುಣ್ಯಾತ್ಮ!

ಗೆಳೆಯನ ಅಪ್ಪ ಕಲ್ಲುಗಣಿಯಲ್ಲಿ ದುಡಿಯುವವನು. ಅವನ ರಟ್ಟೆ ಸೋತಿತ್ತು. "ಈ ವರ್ಷ ವಿಶ್ವವಿದ್ಯಾಲಯದ ತಂಡ ಸೇರಿದರೆ ಆಡು. ಇಲ್ಲದಿದ್ದರೆ ಗಣಿಗೆ ಬಾ," ಎಂದು ಮಗನಿಗೆ ಖಡಾಖಂಡಿತ ಹೇಳಿಬಿಟ್ಟಿದ್ದ. ಗಣಿ ಅಂದರೆ ಗೆಳೆಯನಿಗೆ ಎದೆ ನಡುಕ. ಎದುರಾಳಿಯ ಒದೆಗೆ ಹೆದರದವನು ಆ ಕಲ್ಲಿನ ಗೋಡೆಗೆ ಹೆದರುತ್ತಿದ್ದ. ಈ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ, ಎತ್ತರದವನ ಮುಂದೆ ಮಾತ್ರ ಆಡಿದ್ದ.

ಕಾಲೇಜುಗಳ ಕೊನೆಯ ಪಂದ್ಯ ಬಂತು. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಈ ತಂಡದ ಆಟ ನೋಡುವುದು ಅದೊಂದೇ ದಿನ. ಗೆಳೆಯ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, "ಇಬ್ಬರೂ ಕೂಡೇ ಹೋಗೂಣಲೇ," ಎಂದ. ಎತ್ತರದವನು ಅವನ ಬೆನ್ನಿಗೆ ಗುದ್ದಿ ನಕ್ಕ.

ಆಟ ಶುರುವಾದ ಕೂಡಲೇ ಎದುರಿನ ರೈಡರ್ ನೇರ ಎತ್ತರದವನ ಮೇಲೆ ಬಂದ. ಇವನು ಹಿಂದೆ ಸರಿಯುವುದು ಒಂದು ಗಳಿಗೆ ತಡವಾಯಿತು. ಇನ್ನೇನು ಮುಟ್ಟಿಸಿಕೊಂಡ ಅನ್ನುವಷ್ಟರಲ್ಲಿ ಗೆಳೆಯ ನಡುವೆ ನುಗ್ಗಿ ರೈಡರನ ಕಾಲಿಗೆ ಬಿದ್ದ. ಪಟ್ಟು ಕೂಡಲಿಲ್ಲ. ರೈಡರ್ ಕೊಸರಿಕೊಂಡು ನಡುಗೆರೆ ದಾಟಿದ. ಗೆಳೆಯ ಔಟಾಗಿ ಹೊರಗೆ ಹೋಗಿ ಕೂತ, ಎತ್ತರದವನು ಒಳಗೆ ಉಳಿದ.

ಹೊರಗೆ ಕೂತವನು ತಾನಾಗಿ ಒಳಗೆ ಬರುವಂತಿಲ್ಲ. ಅವನ ಕಡೆಯವರು ಎದುರಾಳಿಗಳಲ್ಲಿ ಒಬ್ಬನನ್ನು ಔಟು ಮಾಡಬೇಕು, ಆಗ ಇವನಿಗೆ ದಾರಿ. ಇನ್ನೊಂದು ಕಟ್ಟಳೆ ಇದೆ, ಸರಿಯಾಗಿ ಕೇಳಿಸಿಕೋ. ಎದುರಾಳಿಯ ಅಂಗಳದ ಹಿಂಬದಿಯಲ್ಲಿ ಒಂದು ಗೆರೆ ಇರುತ್ತದೆ, ಅದಕ್ಕೆ ಬೋನಸ್ ಗೆರೆ ಅನ್ನುತ್ತಾರೆ. ಅಲ್ಲಿ ಆಳು ತುಂಬಿದ್ದಾಗ ಆ ಗೆರೆಯಾಚೆ ಕಾಲಿಟ್ಟು ಸಿಗದೆ ವಾಪಸು ಬಂದರೆ ಒಂದು ಅಂಕ. ಯಾರನ್ನೂ ಮುಟ್ಟಬೇಕಿಲ್ಲ. ಆದರೆ ಆ ಅಂಕಕ್ಕೆ ಹೊರಗಿನವನು ಒಳಗೆ ಬರುವುದಿಲ್ಲ. ಅವನು ಕೂತಲ್ಲೇ ಕೂತಿರಬೇಕು.

ಎದುರಿನ ತಂಡದ ಮೂಲೆಯಲ್ಲಿ ಒಬ್ಬ ಕಟ್ಟುಮಸ್ತು ಆಳು ಕಾಯುತ್ತಿದ್ದ. ಮುಟ್ಟಲು ಬಗ್ಗಿದವನನ್ನು ಅವನು ಬಿಟ್ಟದ್ದೇ ಇಲ್ಲ ಎಂದು ಪ್ರತೀತಿ. ಎತ್ತರದವನು ರೈಡಿಗೆ ಹೋದ. ಆ ಮೂಲೆಯವನನ್ನು ನೋಡಿದ, ಕುರ್ಚಿಯಲ್ಲಿ ಕೂತವರನ್ನೂ ನೋಡಿದ. ಮುಟ್ಟಲು ಹೋಗಿ ಸಿಕ್ಕಿಬಿದ್ದರೆ ತಾನೂ ಹೊರಗೆ ಕೂರಬೇಕು. ಕೂತವನ ಆಟ ಅವರು ನೋಡುವುದೆಲ್ಲಿಂದ? ಉದ್ದ ಕಾಲು ಚಾಚಿದ, ಬೋನಸ್ ಗೆರೆ ದಾಟಿಸಿದ, ಹಾರಿ ವಾಪಸು ಬಂದ. ಒಂದು ಅಂಕ. ಜನ ಹುಚ್ಚೆದ್ದು ಕೂಗಿದರು.

"ಲೇ, ಒಬ್ಬಾವ್ನ ಮುಟ್ಟಿ ಬಾರೋ! ಒಬ್ಬಾವ್ನ ಸಾಕೋ!" ಹೊರಗಿನಿಂದ ಗೆಳೆಯ ಕೂಗಿದ.

ಅಷ್ಟು ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಅನ್ನಬೇಡ. ಚೆನ್ನಾಗಿ ಕೇಳಿಸಿತು. ಮುಂದಿನ ಸಲ ಮುಟ್ಟುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಮುಂದಿನ ಸಲವೂ ಬೋನಸ್ಸು. ಅದರ ಮುಂದಿನ ಸಲವೂ ಅದೇ. ನಾಳೆ ಎಂದವನ ಮನೆ ಹಾಳು ಅಂತಾರೆ. ಇಲ್ಲಿ ಹಾಳಾಗುತ್ತಿದ್ದದ್ದು ಬೇರೆಯವನ ಮನೆ, ಅದಕ್ಕೇ ಇವನಿಗೆ ಅವಸರವಿರಲಿಲ್ಲ.

ತಂಡದ ಉಳಿದವರು ರೈಡಿಗೆ ಹೋಗಿ ಬರಿಗೈಯಲ್ಲಿ ಬಂದರು. ಕಾಲಿಗೆ ಬೀಳುವವನೇ ಹೊರಗಿದ್ದ ಮೇಲೆ, ನುಗ್ಗಿ ಬಂದ ಎದುರಾಳಿಯೂ ಇವರ ಕೈಗೆ ಸಿಗಲಿಲ್ಲ. ಅವರೂ ಜಾಣರು, ಮೈಮೇಲೆ ಬೀಳದೆ ಬೋನಸ್ಸು ಕದ್ದುಕೊಂಡು ಹೋದರು. ಹೀಗೆ ಎರಡೂ ಕಡೆ ಅಂಕ ಏರುತ್ತಲೇ ಹೋಯಿತು. ಗೆಳೆಯ ಹೊರಗೇ ಇದ್ದ. ಕೂಗಿ ಕೂಗಿ ಅವನ ಗಂಟಲು ಕಟ್ಟಿತು.

ಒಂದು ಸಲ ಮಾತ್ರ ದೇವರೇ ಕೊಟ್ಟ ಹಾಗೆ ಆಯಿತು. ಎದುರಾಳಿಯೊಬ್ಬ ಕಾಲು ಜಾರಿ ಇವನ ಮುಂದೆಯೇ ಮಂಡಿಯೂರಿದ. ಕೈ ಚಾಚಿದರೆ ತಲೆ ಸಿಗುತ್ತಿತ್ತು. ಇವನ ಕೈ ಮುಂದೆ ಹೋಯಿತು. ಮೂಲೆಯವನು ಒಂದು ಹೆಜ್ಜೆ ಇಟ್ಟದ್ದು ಕಣ್ಣಂಚಿಗೆ ಕಂಡಿತು. ಇವನು ಕೈ ಹಿಂದಕ್ಕೆ ತೆಗೆದುಕೊಂಡು ಗೆರೆಯ ಕಡೆ ಹಾರಿದ. ಇನ್ನೊಂದು ಅಂಕ ಬಂತು. ಗೆಳೆಯ ಅದನ್ನು ನೋಡಿದ. ಆಮೇಲೆ ಅವನು ಕೂಗಲಿಲ್ಲ.

ತಂಡ ಗೆದ್ದಿತು. ಒಂದೇ ಅಂಕದಿಂದ ಗೆದ್ದಿತು, ಅದೂ ಎತ್ತರದವನ ಅಂಕ. ಓಡಿ ಬಂದು ಅವನನ್ನು ಹೆಗಲ ಮೇಲೆ ಹೊತ್ತವನು ಯಾರು ಅಂದುಕೊಂಡೆ? ಅದೇ ಗೆಳೆಯ. ಇಡೀ ಅಂಗಳ ಸುತ್ತು ಹಾಕಿಸಿದ. ಹೊತ್ತವನ ಮುಖ ಹೇಗಿತ್ತೆಂದು ಯಾರೂ ನೋಡಲಿಲ್ಲ. ಮೇಲೆ ಕೂತವನಿಗಂತೂ ಕಾಣುವಂತೆಯೇ ಇರಲಿಲ್ಲ.

ಪಿ.ಟಿ. ಮಾಸ್ತರರು ಆರಿಸುವವರ ಹತ್ತಿರ ಹೋಗಿ, "ಸಾಹೇಬರೇ, ಈ ಕುಳ್ಳನೂ ಬಹಳ ಒಳ್ಳೆಯ ಆಟಗಾರ," ಎಂದರು.

"ಇರಬಹುದು ಮಾಸ್ತರೇ. ಅವನು ಆಡಿದ್ದನ್ನು ನಾವು ನೋಡಲೇ ಇಲ್ಲವಲ್ಲ," ಎಂದರು ಅವರು.

ಎತ್ತರದವನು ಅಲ್ಲೇ ನಿಂತಿದ್ದ. ಒಂದು ಮಾತು ಆಡಬಹುದಿತ್ತು. ನೀರು ಕುಡಿಯುತ್ತಿದ್ದ, ಕುಡಿಯುತ್ತಲೇ ಇದ್ದ.

ಆಮೇಲೆ ಗಾಳಿ ಬಂದಾಗ ತೂರಿಕೊಂಡ. ವಿಶ್ವವಿದ್ಯಾಲಯದ ತಂಡ, ರಾಜ್ಯದ ತಂಡ, ಆಚೆಗೆ ಇನ್ನೂ ದೊಡ್ಡ ತಂಡ. ಊರ ಸರ್ಕಲಿನಲ್ಲಿ ಅವನ ಫ್ಲೆಕ್ಸು ಎದ್ದಿತು. ಗೆಳೆಯ ಮರುವಾರವೇ ಅಪ್ಪನ ಹಿಂದೆ ಗಣಿಗೆ ನಡೆದ. ಪ್ರತಿ ಪಂದ್ಯ ಮುಗಿದ ಮೇಲೆ ಅವನು ಫೋನು ಮಾಡುತ್ತಿದ್ದ. ಎತ್ತರದವನು ಮೊದಮೊದಲು ಎತ್ತಿದ. ಆಮೇಲೆ ಪುರಸೊತ್ತು ಇಲ್ಲವೆಂದು ತನಗೆ ತಾನೇ ಹೇಳಿಕೊಂಡು ಬಿಟ್ಟುಬಿಟ್ಟ.

ಒಂದು ದಿನ ಗಣಿಯಲ್ಲಿ ಬಂಡೆ ಜಾರಿತು. ಗೆಳೆಯ ಕೆಳಗಿದ್ದ.

ಎತ್ತರದವನು ದೂರದ ಊರಿನಲ್ಲಿ ಆಡುತ್ತಿದ್ದ. ಅವನು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಗೆ ಹೋದ. ಗೆಳೆಯನ ತಾಯಿ ಅವನನ್ನು ಕಂಡು ಎದೆ ಎದೆ ಬಡಿದುಕೊಂಡು ಅತ್ತಳು. ಅಳು ನಿಂತ ಮೇಲೆ ನೀರು ತಂದುಕೊಟ್ಟು ಎದುರಿಗೆ ಕೂತಳು.

"ಯಪ್ಪಾ, ಒಂದ ಮಾತ ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ. ಆವತ್ತ ನನ್ನ ಮಗ ಯಾಕ ಆಡಲಿಲ್ಲ? ಅವರಪ್ಪ ಬಡದ ಕೇಳಿದ್ರೂ 'ಕಾಲ ನೋವಿತ್ತು' ಅಂತ ಅಷ್ಟ ಅಂದ. ಖರೇನ ನೋವಿತ್ತೇನು?"

ಸತ್ತವನು ತನ್ನನ್ನು ಕಾಪಾಡಿಟ್ಟು ಹೋಗಿದ್ದಾನೆ ಎಂದು ಎತ್ತರದವನಿಗೆ ಆಗ ತಿಳಿಯಿತು. ನಿಜ ಹೇಳಿಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂತು.

"ಹೂಂ ಅವ್ವಾ, ಭಾಳ ನೋವಿತ್ತು," ಎಂದ.

"ಹಂಗಾದ್ರ ಯಾರ ತಪ್ಪೂ ಅಲ್ಲ ಬಿಡು," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನನ್ನು ಹಾಗೇ ಕಳಿಸದೆ ರೊಟ್ಟಿ ಬಡಿಸಿದಳು. ಅವನು ಉಂಡು ಎದ್ದ. ಈಗಲೂ ಆಡುತ್ತಾನೆ, ಒಳ್ಳೆಯವನೆಂದೇ ಹೆಸರು. ಚಪ್ಪಾಳೆ ಬಿದ್ದಾಗ ಮಾತ್ರ ಅವನ ಮುಖ ಸಣ್ಣಗಾಗುತ್ತದೆ ಎಂದು ಹತ್ತಿರದವರು ಹೇಳುತ್ತಾರೆ.

ಅಜ್ಜನವರು ಕತೆ ನಿಲ್ಲಿಸಿದರು. ಸೋಲೊಪ್ಪುವ ಜಾಯಮಾನ ಅಡಿವೆಯ್ಯನದಲ್ಲ.

"ಆದರೂ ಅಜ್ಜಾರೇ, ಅವನು ಆಟದ ಒಂದು ಕಟ್ಟಳೆಯನ್ನೂ ಮುರಿಯಲಿಲ್ಲವಲ್ಲ?"

"ಮುರಿದಿದ್ದರೆ ಅಲ್ಲೇ ಯಾರಾದರೂ ಸೀಟಿ ಊದಿ ಅವನನ್ನು ನಿಲ್ಲಿಸುತ್ತಿದ್ದರು, ಮಗು," ಎಂದರು ಅಜ್ಜನವರು.