ಮಟನ್ ಅಂಗಡಿ ಬೀದಿ ಇಲ್ಲದ ವಾರ್ಡು

ಪೇಟೆ ವಾರ್ಡಿನ ನಾಯಿಗಳಿಗೆಲ್ಲ ಜಗ್ಗಣ್ಣನೇ ಯಜಮಾನ, ಅದೂ ಒಂದಲ್ಲ ಎರಡಲ್ಲ, ಸತತ ಮೂರು ಚುನಾವಣೆಯಿಂದ. ಆದ್ರೆ ಕೇಳಿ, ಮೊದಲ್ನೇ ಸಲ ನಲವತ್ತು ಓಟಿಂದ ಗೆದ್ದೋನು ಎರಡನೇ ಸಲ ಹದಿನೈದಕ್ಕಿಳಿದ, ಮೂರನೇ ಸಲ ಬರೀ ಎರಡು ಓಟಲ್ಲಿ ಬಚಾವಾದ. ಮೂರು ಸಲಾನೂ ಉಲ್ಟಾ ಹೊಡೆದಿದ್ದು ಮಟನ್ ಅಂಗಡಿ ಬೀದಿಯವರೇ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಓಟು ತಿದ್ದೋಕಾಗಲ್ಲ, ಗಡಿ ತಿದ್ದಬಹುದಲ್ಲ" ಅಂದ್ಕೊಂಡ ಜಗ್ಗಣ್ಣ ಮುಂದಿನ ಚುನಾವಣೆಯ ಹಿಂದಿನ ರಾತ್ರಿ ಹೊಟ್ಟೆ ತುಂಬ ನೀರು ಕುಡಿದು, ಒಂದೊಂದು ಲೈಟ್ ಕಂಬಕ್ಕೂ ಕಾಲೆತ್ತುತ್ತಾ, ಆ ಬೀದಿನಷ್ಟೇ ಆಚೆ ಬಿಟ್ಟು ಹೊಸ ಗಡಿ ಹಾಕೇಬಿಟ್ಟ. ನಾಯಿಗಳ ಕಾನೂನು ಅಂದ್ರೆ ಕಾನೂನು, ವಾಸನೆ ದಾಟೋ ಹಾಗಿಲ್ಲ. ನಾಲ್ಕನೇ ಚುನಾವಣೇಲಿ ಒಂದೇ ಒಂದು ಓಟೂ ಅವನ ವಿರುದ್ಧ ಬೀಳಲಿಲ್ಲ.

ಮಾರನೇ ಬೆಳಿಗ್ಗೆ ಎದೆಯುಬ್ಬಿಸ್ಕೊಂಡು, ದಿನಾ ಹೋಗೋ ಹಾಗೇ ಮಟನ್ ಅಂಗಡಿಗೆ ಮೂಳೆ ತಿನ್ನೋಕೆ ಹೊರಟ. ಮೂಲೆ ಕಂಬದ ಹತ್ರ ಆ ಬೀದಿಯ ಮುದಿ ನಾಯಿ ಬೆಳ್ಳಕ್ಕ ಅಡ್ಡ ಕೂತಿದ್ಲು.

"ನಿಲ್ಲಿ ಯಜಮಾನ್ರೇ, ಇದು ಬೇರೆ ವಾರ್ಡು."

"ಯಾರಮ್ಮಾ ಹೇಳಿದ್ದು?"

"ಕಂಬ ಮೂಸಿ ನೋಡಿ."

ಮೂಸಿದ. ವಾಸನೆ ಅವನದ್ದೇ.

"ಬೆಳ್ಳಕ್ಕಾ, ಹಲ್ಲು ಬಂದಾಗಿಂದ ನಾನು ಇಲ್ಲೇ ತಿಂದು ಬೆಳೆದೋನು" ಅಂತ ಜಗ್ಗಣ್ಣ ಬಾಲ ಇಳಿಸಿದ.

"ಹೌದಪ್ಪ, ನಾವು ನಿಮಗೆ ಓಟು ಇಲ್ಲ ಅಂದಿದ್ವೇ ಹೊರತು ಮೂಳೆ ಇಲ್ಲ ಅಂದಿರಲಿಲ್ಲ" ಅಂದ್ಲು ಬೆಳ್ಳಕ್ಕ. "ಈಗ ಅಲ್ಲೇ ನಿಂತು ಗೆಲುವಿನ ಭಾಷಣ ಮಾಡಿ, ನಾವು ಊಟ ಮಾಡ್ತಾ ಕೇಳ್ತೀವಿ."